ಪಾಯಿಂಟ್ಸ್‌ಮನ್ ಮಾವ, ಆರು ಸೆಲ್ಲು ಮತ್ತು ನಮ್ಮನೆ ರೈಲು

ಮೊನ್ನೆ ಭಾನುವಾರ ನಮ್ಮನೆ ರೈಲು ಹಳಿ ತಪ್ಪದೆ ಇಪ್ಪತ್ತು ಸುತ್ತು ಹೊಡೆಯಿತು. ಎಣಿಸಿದವರು ಮಾವ. ದಸರಾ ರಜೆಯಲ್ಲಿ ಶುರು ಮಾಡಿದ ಕೆಲಸ ಮುಗಿಯುವ ಹೊತ್ತಿಗೆ ಮೇ ತಿಂಗಳಾಗಿತ್ತು. ಅದರಲ್ಲಿ ನಿಜವಾಗಿ ಕೂತು ಕಟ್ಟಿದ್ದು ಹೆಚ್ಚೆಂದರೆ ಇಪ್ಪತ್ತು ದಿನ. ಉಳಿದದ್ದೆಲ್ಲ ಕಾಯೋದು, ಬಿಚ್ಚೋದು, ಮತ್ತೆ ಜೋಡಿಸೋದು, ಸೆಲ್ ಬದಲಾಯಿಸೋದು. ಲೆಗೋ, ಅಂದರೆ ಒಂದಕ್ಕೊಂದು ಕಚ್ಚಿಸಿ ಕಟ್ಟುವ ಪ್ಲಾಸ್ಟಿಕ್ ಇಟ್ಟಿಗೆಯ ಆಟಿಕೆ ರೈಲು ಓಡಿಸಬೇಕು ಅಂತ ಇನ್ಯಾರಾದರೂ ಹೊರಟಿದ್ದರೆ, ನಾನು ಕಳೆದಷ್ಟು ದುಡ್ಡು ಅವರು ಕಳೆಯೋದು ಬೇಡ ಅಂತ ಇದನ್ನು ಬರೆದಿಟ್ಟಿದ್ದೇನೆ.

ನಾನು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗ ಎಂಟನೇ ಕ್ಲಾಸು. ಮಾವ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು, ಅಂದರೆ ಹಳಿ ಕವಲೊಡೆಯುವ 'ಪಾಯಿಂಟು'ಗಳನ್ನು ತಿರುಗಿಸಿ ಗಾಡಿಗೆ ದಾರಿ ಕೊಡುತ್ತಿದ್ದವರು. ಚಿಕ್ಕಜಾಜೂರು, ಹರಿಹರ, ಕಡೆಗೆ ದಾವಣಗೆರೆ ಸ್ಟೇಷನ್ನಿನಲ್ಲೇ ರಿಟೈರ್ ಆದರು. ಮಂಡಿನೋವು ಬಂದ ಮೇಲೆ ಸ್ಟೇಷನ್ ಕಡೆ ವಾಕಿಂಗೂ ನಿಂತಿತು. ಬೆಂಗಳೂರಲ್ಲಿರುವ ನನ್ನ ತಮ್ಮ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ರೈಲು ಸೆಟ್ ನೋಡಿ, 'ಅಕ್ಕಾ, ಅಳಿಯನಿಗೂ ಆಯ್ತು, ನಿಮ್ಮ ಮಾವನಿಗೂ ಆಯ್ತು' ಅಂತ ₹9,500ಕ್ಕೆ ಕೊಂಡು ತಂದ. ಡಬ್ಬಿಯಲ್ಲಿ ಎಂಜಿನ್ನು, ಎರಡು ಬೋಗಿ, ರಿಮೋಟು, 16 ತಿರುವು ಹಳಿ, 4 ನೇರ ಹಳಿ ಇದ್ದವು.

ಮೊದಲ ದಿನ ಹಾಲ್‌ನ ನೆಲದ ಮೇಲೆ ಜೋಡಿಸಿದೆವು. 16 ತಿರುವು ಸೇರಿದರೆ ಒಂದು ಪೂರ್ತಿ ವೃತ್ತ. ಹೊರಗಿನ ಅಂಚಿನಿಂದ ಅಂಚಿಗೆ ಸುಮಾರು 70 ಸೆಂಟಿಮೀಟರ್, ಅಂದರೆ ಒಂದು ಸಾಧಾರಣ ಟೀಪಾಯಿಯಷ್ಟು. ಗಾಡಿ ಓಡಿತು. ಮಗ ಕುಣಿದ. ಮಾವ ಕುರ್ಚಿ ಎಳೆದುಕೊಂಡು ಕೂತು ಎರಡು ಸುತ್ತು ನೋಡಿ, 'ಇದೇನಮ್ಮಾ, ಗಾಣದ ಎತ್ತು ಸುತ್ತಿದಂಗೆ ಸುತ್ತುತ್ತೈತಿ. ಸ್ಟೇಷನ್ ಎಲ್ಲೈತಿ? ಲೂಪ್ ಲೈನ್ ಎಲ್ಲೈತಿ?' ಅಂದರು. ಲೂಪ್ ಲೈನ್ ಅಂದರೆ ಮೇನ್ ಲೈನಿನಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ ಪಕ್ಕದ ಹಳಿ. ಖರ್ಚಿನ ದಾರಿ ತೆರೆದದ್ದು ಆ ಮಾತಿನಿಂದ.

ಹಳಿ ಜಾಸ್ತಿ ಮಾಡುವ ಮೊದಲು ಕರೆಂಟಿನ ವಿಷಯ ತೀರ್ಮಾನ ಮಾಡಿಕೊಳ್ಳಿ. ನಾವು ಇದರ ಮೇಲೇ ಮೂರು ವಾರ ಫೋನಿನಲ್ಲಿ ಜಗಳ ಆಡಿದೆವು. ಲೆಗೋ ರೈಲು ಶುರುವಾಗಿದ್ದು 1966ರಲ್ಲಿ, 4.5 ವೋಲ್ಟ್ ಬ್ಯಾಟರಿಯಲ್ಲಿ. 1969ರಲ್ಲಿ 12 ವೋಲ್ಟ್ ಬಂತು, ಅದಕ್ಕೆ ಹಳಿಗಳ ನಡುವೆ ಕರೆಂಟಿನ ಬೇರೆ ಪಟ್ಟಿ. 1991ರಲ್ಲಿ ಬಂದ 9 ವೋಲ್ಟ್ ರೈಲಿನಲ್ಲಿ ಹಳಿಯ ಮೇಲೇ ಲೋಹದ ತಗಡು, ಗಾಲಿಯೇ ಅಲ್ಲಿಂದ ಕರೆಂಟ್ ಎತ್ತಿಕೊಳ್ಳುತ್ತದೆ. ಅದು 2007ರ ಹೊತ್ತಿಗೆ ನಿಂತೇ ಹೋಯಿತು. 2018ರಲ್ಲಿ ಬಂದದ್ದು ಬ್ಲೂಟೂತ್ ಹಬ್‌ನದ್ದು: ಹಳಿ ಬರೀ ಪ್ಲಾಸ್ಟಿಕ್, ಸೆಲ್ಲು ಗಾಡಿಯೊಳಗಿನ ಹಬ್ ಅನ್ನುವ ಡಬ್ಬಿಯಲ್ಲಿ, ಅದು ರಿಮೋಟಿನ ಇಲ್ಲವೇ ಫೋನಿನ ಮಾತು ಕೇಳುತ್ತದೆ. ನಮ್ಮದು ಇದೇ.

ತಮ್ಮನಿಗೆ ಹಳೆ 9 ವೋಲ್ಟಿನ ಹುಚ್ಚು. 'ಸೆಲ್ ಹಾಕೋ ಗೋಜೇ ಇಲ್ಲ ಅಕ್ಕಾ, ಪ್ಲಗ್ ಚುಚ್ಚಿದ್ರೆ ಆಯ್ತು' ಅಂತ. ನಾನು ಬೇಡ ಅಂದೆ, ಈಗಲೂ ಬೇಡ ಅಂತಲೇ ಹೇಳುತ್ತೇನೆ. ತಯಾರಿಕೆ ನಿಂತ ಮಾಲು, ಹಳಿ ಒಂದೊಂದಕ್ಕೂ ಬೆಲೆ. ದೂಳು ಕೂತರೆ ಗಾಲಿಗೆ ಕರೆಂಟ್ ಸಿಗುವುದಿಲ್ಲ, ಒರೆಸುತ್ತಲೇ ಇರಬೇಕು. ಸುತ್ತು ದೊಡ್ಡದಾದರೆ ತಂತಿ ಕೊಟ್ಟ ಜಾಗದಿಂದ ದೂರ ಹೋದಂತೆ ಗಾಡಿ ಮೆತ್ತಗಾಗುತ್ತದೆ, ಅಲ್ಲಲ್ಲಿ ಇನ್ನಷ್ಟು ತಂತಿ ಕೊಡಬೇಕು. ಹಳಿ ತಿರುಗಿ ಬಂದು ತನ್ನನ್ನೇ ಸೇರುವ ಹಾಗೆ ಕುಣಿಕೆ ಹಾಕಿದರೆ ಶಾರ್ಟ್. ಇನ್ನು ನಮ್ಮನೆ ನೆಲದಲ್ಲಿ ಗುಂಡುಪಿನ್ ಬೀಳದ ದಿನ ಇಲ್ಲ. ಎರಡು ಹಳಿಯ ಮೇಲೆ ಒಂದು ಪಿನ್ ಅಡ್ಡ ಬಿದ್ದರೂ ಶಾರ್ಟೇ. ಬ್ಯಾಟರಿ ರೈಲಿಗೆ ಇದ್ಯಾವುದರ ಹಂಗೂ ಇಲ್ಲ.

ನವೆಂಬರಿನಲ್ಲಿ ಪ್ಲಾನು. ಬ್ಲೂಬ್ರಿಕ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಹಳಿ ಚಿತ್ರಗಳನ್ನು ಎಳೆದು ಕೂಡಿಸಿ ನೋಡಬಹುದು. ನಾನು ಮಾಡಿದ್ದು ನನ್ನ ಕಸುಬಿನ ರೀತಿಯಲ್ಲಿ, ಬ್ರೌನ್ ಪೇಪರಿನ ಮೇಲೆ ಗುರುತು ಹಾಕಿ. ಲೆಕ್ಕ ಸುಲಭ. ಇಟ್ಟಿಗೆ ಮೇಲಿನ ಒಂದು ಗುಬುಟಿನಿಂದ ಇನ್ನೊಂದಕ್ಕೆ 8 ಮಿಲಿಮೀಟರ್. ಒಂದು ನೇರ ಹಳಿ 16 ಗುಬುಟು, ಅಂದರೆ 12.8 ಸೆಂಟಿಮೀಟರ್. ತಿರುವಿನ ತ್ರಿಜ್ಯ 40 ಗುಬುಟು. ಬ್ಲೌಸ್ ಕಟಿಂಗ್ ಬರುವವರಿಗೆ ಇದೇನು ದೊಡ್ಡದಲ್ಲ.

8 ಅಡಿ ಉದ್ದ 4 ಅಡಿ ಅಗಲದ ಪ್ಲೈವುಡ್ ತಂದು 4 ಅಡಿ ಚೌಕದ ಎರಡು ತುಂಡು ಮಾಡಿಸಿದೆ. ಇಡಿಯಾಗಿ ತಂದರೆ ಮಹಡಿ ಮೆಟ್ಟಿಲಲ್ಲಿ ತಿರುಗುವುದಿಲ್ಲ, ಅಳೆದು ನೋಡಿಯೇ ಅಂಗಡಿಗೆ ಹೋಗಿ. ಎರಡು ತುಂಡನ್ನು ಕೆಳಗಿನಿಂದ ಬೋಲ್ಟ್ ಹಾಕಿ ಕೂಡಿಸಿದ್ದೇವೆ. ಕೂಡುವ ಗೆರೆಯ ಮೇಲೆ ಬರುವ ಹಳಿಗಳನ್ನು ಮಾತ್ರ ಎಲ್ಲಿಗೂ ಅಂಟಿಸಿಲ್ಲ, ಕಿತ್ತರೆ ಬರುತ್ತವೆ. ಪ್ಲಾನಿನಲ್ಲಿ ಒಂದರೊಳಗೊಂದು ಎರಡು ಸುತ್ತು. ಹೊರಗಿನದಕ್ಕೆ 16 ತಿರುವು, 28 ನೇರ. ಒಳಗಿನದಕ್ಕೆ 16 ತಿರುವು, 20 ನೇರ. ಎರಡಕ್ಕೂ ಒಂದೊಂದು ಪಾಯಿಂಟು, ಅಲ್ಲಿಂದ ಗೂಡ್ಸ್ ನಿಲ್ಲಿಸೋಕೆ ಒಂದೊಂದು ಸೈಡಿಂಗು. ಮಗ ಸುಮ್ನೆ ಟರ್ನೌಟ್ ಅಂತೇನೋ ಅಂದ. ಮಾವ 'ಪಾಯಿಂಟು ಅನ್ನು' ಅಂತ ತಿದ್ದಿದರು. ಅಲ್ಲಿಂದ ಮನೆಯಲ್ಲಿ ಅದು ಪಾಯಿಂಟೇ.

ಈಗ ಪಾರ್ಸೆಲ್ ಪುರಾಣ. ಬಿಡಿ ಹಳಿ ನಮ್ಮ ಊರಿನ ಆಟಿಕೆ ಅಂಗಡಿಗಳಲ್ಲಿ ಸಿಗಲಿಲ್ಲ. ಬ್ರಿಕ್‌ಲಿಂಕ್ ಅಂತ ಬಿಡಿಭಾಗಗಳ ಆನ್‌ಲೈನ್ ಸಂತೆ ಇದೆ. ಅಲ್ಲಿ ನೆದರ್‌ಲ್ಯಾಂಡ್ಸ್‌ನ ಒಬ್ಬ ಮಾರಾಟಗಾರನ ಹತ್ತಿರ 16 ತಿರುವು, 24 ನೇರ, ಒಂದು ಜೋಡಿ ಪಾಯಿಂಟು, ಎಲ್ಲ ಹಳೆಯವು, ಕಳಿಸುವ ಖರ್ಚೂ ಸೇರಿ ₹6,100 ಆಯಿತು. ಡಿಸೆಂಬರ್ ಮೊದಲ ವಾರ ತಮ್ಮ ತನ್ನ ಕಾರ್ಡಿನಲ್ಲಿ ಕಟ್ಟಿದ. ವಿಳಾಸ ನಮ್ಮನೆಯದು ಕೊಟ್ಟ. ಅಲ್ಲೇ ಎಡವಿದ್ದು.

ಪಾರ್ಸೆಲ್ ಭಾರತಕ್ಕೆ ಒಂಬತ್ತೇ ದಿನದಲ್ಲಿ ಬಂತು. ಆಮೇಲೆ ಕಸ್ಟಮ್ಸ್ ಹಂತದಲ್ಲಿ ನಿಂತಿತು. ಕೊರಿಯರಿನವರಿಂದ ಮೇಲ್ ಬಂತು, ಆಧಾರ್ ಕಳಿಸಿ ಅಂತ. ಲೇಬಲ್ ಮೇಲೆ ತಮ್ಮನ ಹೆಸರು, ಅವನ ಆಧಾರಿನಲ್ಲಿ ಬೆಂಗಳೂರು ವಿಳಾಸ, ಪಾರ್ಸೆಲ್ ಹೋಗಬೇಕಾದ್ದು ದಾವಣಗೆರೆಗೆ. ಹೊಂದಲಿಲ್ಲ. ನನ್ನ ಆಧಾರ್ ಕಳಿಸಿದರೆ ಹೆಸರು ಬೇರೆ ಅಂದರು. ಬಿಲ್ ಕೇಳಿದರು, ಕೊಟ್ಟೆವು. ದುಡ್ಡು ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದರು, ಕೊಟ್ಟೆವು. ಮಾರಾಟಕ್ಕಲ್ಲ, ಮನೆ ಬಳಕೆಗೆ ಅಂತ ಪತ್ರ ಬರೆದು ಸಹಿ ಮಾಡಿ ಕಳಿಸಿ ಅಂದರು. ಪ್ರತಿ ಸಲವೂ ಬೇರೆ ಮನುಷ್ಯನ ಉತ್ತರ, ಪ್ರತಿ ಸಲವೂ ಮೊದಲಿನಿಂದ ಕತೆ. ಕ್ರಿಸ್ಮಸ್ ಹೋಯಿತು, ಹೊಸ ವರ್ಷ ಹೋಯಿತು, ಸಂಕ್ರಾಂತಿಯೂ ಹೋಯಿತು. ಮಗ ದಿನಾ ಟ್ರ್ಯಾಕಿಂಗ್ ನಂಬರ್ ಹೊಡೆದು ನೋಡಿ ಮುಖ ಸಣ್ಣ ಮಾಡಿಕೊಂಡು ಊಟಕ್ಕೆ ಬರುತ್ತಿದ್ದ. ನನಗಂತೂ ಆ ದಿನಗಳಲ್ಲಿ ಹೋದ ದುಡ್ಡಿಗಿಂತ ಅವನ ಮುಖ ನೋಡೋದೇ ಕಷ್ಟವಾಗಿತ್ತು.

ಕೊನೆಗೆ ತೆರಿಗೆ, ಅವರ ಚಾರ್ಜು ಎಲ್ಲ ಸೇರಿ ₹4,700 ಕಟ್ಟಿ ಅಂದರು. ಆರು ಸಾವಿರದ ಮಾಲಿಗೆ ಇಷ್ಟಾ ಅಂತ ನಾನು ಜಗಳಕ್ಕೇ ಹೊರಟಿದ್ದೆ. ಆಮೇಲೆ ಓದಿದೆ: ಆಟಿಕೆಗಳ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಹೋಗಿತ್ತು. ಅದರ ಜೊತೆಗೆ 2021ರ ಜನವರಿ 1ರಿಂದ ಇಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಹಾಗಾಗಿ 'ಆಟಿಕೆ' ಅಂತ ಬರೆದ ಡಬ್ಬಿ ಕಂಡರೆ ಪ್ರಶ್ನೆ ಕೇಳೋದು ಸಹಜವೇ. ನೀವು ತರಿಸುವುದಾದರೆ ಆರ್ಡರ್ ಮಾಡುವ ಹೆಸರು, ಲೇಬಲ್ ಹೆಸರು, ಕಾರ್ಡಿನ ಹೆಸರು, ಆಧಾರಿನ ಹೆಸರು ವಿಳಾಸ, ಎಲ್ಲ ಒಬ್ಬರದ್ದೇ ಇರಲಿ. ಬಿಲ್ಲು, ಸ್ಟೇಟ್‌ಮೆಂಟು ಮೊದಲೇ ಒಂದು ಫೈಲ್ ಮಾಡಿ ಇಟ್ಟುಕೊಳ್ಳಿ. ಸುಂಕ ಈಗ ಎಷ್ಟಿದೆ ಅಂತ ನೋಡಿಕೊಂಡು, ಬೆಲೆಗೆ ಅಷ್ಟನ್ನೂ ಸೇರಿಸಿಯೇ ತರಿಸಬೇಕೋ ಬೇಡವೋ ಯೋಚಿಸಿ. ಉಳಿದ 20 ನೇರ ಹಳಿ ನಾನು ಲೆಗೋದಕ್ಕೆ ಹೊಂದುವ ಬೇರೆ ಕಂಪನಿಯದ್ದು ಇಲ್ಲೇ ಆನ್‌ಲೈನಿನಲ್ಲಿ ₹1,400ಕ್ಕೆ ತಗೊಂಡೆ. ಎರಡು ಹಳಿಯ ಕೊಂಡಿ ಸ್ವಲ್ಪ ಬಿಗಿ, ಬಿಟ್ಟರೆ ದೂರಿಲ್ಲ.

ಜನವರಿ ಕೊನೆಗೆ ಡಬ್ಬಿ ಮನೆಗೆ ಬಂತು. ಮಾವ ಪಾಯಿಂಟ್ ಕೈಯಲ್ಲಿ ಹಿಡಿದು ಹಳದಿ ಹಿಡಿಯನ್ನು ಆ ಕಡೆ ಈ ಕಡೆ ತಳ್ಳಿದರು. ಟಕ್, ಟಕ್. ಕಿವಿ ಹತ್ತಿರ ಹಿಡಿದು ಇನ್ನೊಂದು ಸಲ, ಟಕ್. 'ನಾಲಿಗೆ ಪೂರ್ತಿ ಕೂಡುತ್ತೈತಿ' ಅಂದರು. ನಾಲಿಗೆ ಅಂದರೆ ಪಾಯಿಂಟಿನಲ್ಲಿ ಆ ಕಡೆ ಈ ಕಡೆ ಕದಲುವ ಹಳಿ ತುಂಡು. ಅಷ್ಟೊತ್ತು ಅವರ ಮುಖದಲ್ಲಿ ಮಂಡಿನೋವು ಇರಲಿಲ್ಲ.

ಹಾಕಿದ ಮೇಲೆ ಮುಂದಕ್ಕೆ ಗಾಡಿ ಚೆನ್ನಾಗೇ ಹೋಯಿತು. ಹಿಂದಕ್ಕೆ ಸೈಡಿಂಗಿಗೆ ತಳ್ಳುವಾಗ ಪ್ರತಿ ಸಲವೂ ಕೊನೆಯ ಬೋಗಿ ಹಳಿ ಬಿಟ್ಟು ಇಳಿಯುತ್ತಿತ್ತು. ನಾನು ಬ್ಯಾಟರಿ ಇಳಿದಿದೆ, ಎಳೆತ ಸಾಲದು ಅಂದುಕೊಂಡು ಹೊಸ ಸೆಲ್ ಹಾಕಿದೆ. ಇನ್ನೂ ಜೋರಾಗಿ ಬಿತ್ತು. ಮಾವ ನೆಲದ ಮಟ್ಟಕ್ಕೆ ಬಗ್ಗಲಾರದೆ, ಮಗನ ಫೋನಿನಲ್ಲಿ ವಿಡಿಯೋ ತೆಗೆಸಿ ನಿಧಾನಕ್ಕೆ ಓಡಿಸಿ ನೋಡಿದರು. 'ಅಲ್ಲಮ್ಮಾ, ಪಾಯಿಂಟಿಂದ ಬಲಕ್ಕೆ ಹೊಳ್ಳಿದ ಕೂಡ್ಲೇ ಎಡಕ್ಕೆ ತಿರುವು ಹಾಕೀದಿ. ಒಂದು ಬೋಗಿ ಆ ಕಡೆ, ಒಂದು ಈ ಕಡೆ. ತಳ್ಳಿದ್ರೆ ಬೀಳದೇ ಏನು ಮಾಡುತ್ತೆ? ನಡುವೆ ಒಂದು ನೇರ ಹಳಿ ಕೊಡು.' ಕೊಟ್ಟೆ. ಆಮೇಲೆ ಬೀಳಲಿಲ್ಲ. ಸೈಡಿಂಗು ಮುಂದೆ ಎಲ್ಲೂ ಸೇರದೆ ಅಲ್ಲೇ ಮುಗಿಯುವುದರಿಂದ ಹೀಗೆ ಹಳಿ ಸೇರಿಸಲು ಅಡ್ಡಿ ಇಲ್ಲ. ಎರಡೂ ತುದಿ ಮೇನ್ ಲೈನಿಗೆ ಸೇರುವ ಲೂಪ್ ಆದರೆ ಅಳತೆ ಕೂಡುವುದಿಲ್ಲ, ಹುಷಾರು.

ಮಗನಿಗೆ ಮೇಲ್ಸೇತುವೆ ಬೇಕಿತ್ತು. ಒಂದು ರೈಲಿನ ಮೇಲೆ ಇನ್ನೊಂದು. ಕೆಳಗೆ ಗಾಡಿ ನುಸುಳಲು ಹತ್ತು ಇಟ್ಟಿಗೆ ಎತ್ತರವಾದರೂ ಬೇಕು. ಇಟ್ಟಿಗೆ ಒಂದಕ್ಕೆ 9.6 ಮಿಲಿಮೀಟರ್, ಅದರ ಮೂರನೇ ಒಂದು ಭಾಗದ ತೆಳು ಪ್ಲೇಟಿಗೆ 3.2. ಹಳಿಗೊಂದು ಇಟ್ಟಿಗೆಯಂತೆ ಏರಿಸಿದರೆ 13ಕ್ಕೆ 1ರ ಏರು; ಎಂಜಿನ್ ಅಲ್ಲೇ ಗಾಲಿ ತಿರುಗಿಸುತ್ತಾ ನಿಂತಿತು. ಹಳಿಗೊಂದು ಪ್ಲೇಟಿನಂತೆ ಏರಿಸಿದರೆ 40ಕ್ಕೆ 1, ಅದು ಹತ್ತಿತು. ಮಾವ ನಕ್ಕರು. 'ಕ್ಯಾಸಲ್‌ರಾಕ್ ಘಾಟಿನಾಗೆ 37ಕ್ಕೆ 1 ಐತಿ. ಅಲ್ಲೇ ಗೂಡ್ಸಿಗೆ ಹಿಂದಿನಿಂದ ಬ್ಯಾಂಕರ್ ಎಂಜಿನ್ ಹಚ್ಚಿ ತಳ್ಳಬೇಕು. ನಿನ್ನ ಆರು ಸೆಲ್ಲಿನ ಗಾಡಿಗೆ ಅದಕ್ಕಿಂತ ಏನು ಬೇಕು?' ಲೆಕ್ಕ ಹಾಕಿದರೆ ಪ್ಲೇಟಿನ ಏರಿನಲ್ಲಿ ಹತ್ತು ಇಟ್ಟಿಗೆ ಎತ್ತರಕ್ಕೆ 30 ಹಳಿ, ಸುಮಾರು 3.8 ಮೀಟರ್. ನಮ್ಮ ಬೋರ್ಡೇ ಎರಡೂವರೆ ಮೀಟರಿಲ್ಲ. ಮೇಲ್ಸೇತುವೆ ಬಿಟ್ಟು, ಬೋರ್ಡಿಗೆ ನೀಲಿ ಬಣ್ಣದಲ್ಲಿ ಒಂದು ತುಂಗಭದ್ರೆ ಬಳಿದು, ಅದರ ಮೇಲೆ ಏರಿಲ್ಲದ ಹರಿಹರ ಸೇತುವೆ ಕಟ್ಟಿದೆವು. ಪ್ಲಾಟ್‌ಫಾರಂ ಕಟ್ಟುವವರಿಗೆ ಒಂದು ಮಾತು: ನೇರ ಹಳಿಯ ಪಕ್ಕ ಎಷ್ಟು ಹತ್ತಿರ ಕಟ್ಟಿದರೂ ಪರವಾಗಿಲ್ಲ, ತಿರುವು ಶುರುವಾಗುವ ಕಡೆ ಮೂರು ಗುಬುಟು ಬಿಡಿ. ಉದ್ದ ಬೋಗಿಯ ಮೂಲೆ ಅಲ್ಲಿ ಬೀಸಿ ನಮ್ಮ ದೀಪದ ಕಂಬ ನಾಲ್ಕು ಸಲ ಕೆಡವಿದೆ.

ಫೆಬ್ರವರಿ ಮಧ್ಯಕ್ಕೆ ಗಾಡಿ ಸೋಮಾರಿಯಾಯಿತು. ಮೊದಲು ಅರ್ಧ ವೇಗ, ಆಮೇಲೆ ತಿರುವಿನಲ್ಲಿ ತೆವಳೋದು. ಹಬ್‌ಗೆ ಆರು ಸಣ್ಣ ಸೆಲ್ಲು ಬೇಕು, ಟ್ರಿಪಲ್ ಎ ಅಂತಾರಲ್ಲ ಅದು. ರಿಮೋಟಿಗೆ ಇನ್ನು ನಾಲ್ಕು. ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಹಾಕಿದರೆ ಒಂದು ಮಧ್ಯಾಹ್ನವೂ ಬರಲಿಲ್ಲ. ಆಲ್ಕಲೈನ್ ಹಾಕಿದೆ, ಅದೂ ಹಾಗೇ. ಸುಮಾರು ₹700 ಸೆಲ್ಲಿಗೇ ಸುರಿದೆ. ಕೊನೆಗೆ ₹1,900 ಕೊಟ್ಟು ಚಾರ್ಜ್ ಮಾಡುವ ಸೆಲ್ಲುಗಳನ್ನೂ ಚಾರ್ಜರನ್ನೂ ತಂದೆ. ಅವು ಒಂದೊಂದು 1.2 ವೋಲ್ಟು, ಆರಕ್ಕೆ 7.2. ಮಾಮೂಲಿ ಸೆಲ್ 1.5, ಆರಕ್ಕೆ 9. ಹಾಗಾಗಿ ವೇಗ ಸ್ವಲ್ಪ ಕಮ್ಮಿ. ಆದರೆ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ವೇಗ, ಆಮೇಲೆ ಒಮ್ಮೆಲೇ ನಿಲ್ಲುತ್ತದೆ. ಇದು ಒಳ್ಳೆಯ ಖರ್ಚೇ, ಮೊದಲೇ ಮಾಡಬೇಕಿತ್ತು. ಆದರೆ ನನ್ನ ಗಾಡಿ ಅದಕ್ಕೂ ಜಗ್ಗಲಿಲ್ಲ. ಮೋಟಾರೇ ಹೋಗಿದೆ ಅಂತ ನಾನು, ಹಳೆ ಮಾಲು ಕೊಟ್ಟು ಮೋಸ ಮಾಡಿದ್ದಾರೆ ಅಂತ ತಮ್ಮ.

ಒಂದು ರಾತ್ರಿ ಮದುವೆ ಬ್ಲೌಸಿನ ಹುಕ್ಕು ಹಾಕಿ ಮುಗಿಸಿ, ಹಾಗೇ ಮೆಷಿನ್ ದೀಪದ ಕೆಳಗೆ ಎಂಜಿನ್ ಮಗುಚಿ ನೋಡಿದೆ. ಮೋಟಾರಿನ ಗಾಲಿಗೂ ಡಬ್ಬಿಗೂ ನಡುವಿನ ಸಂದಿಯಲ್ಲಿ ಗುಲಾಬಿ ಬಣ್ಣ ಕಂಡಿತು. ಹೊಲಿಗೆ ಬಿಚ್ಚುವ ರಿಪ್ಪರ್ ತುದಿ ಹಾಕಿ ಎಳೆದರೆ ದಾರ. ಗುಲಾಬಿ ಹೋದ ಮೇಲೆ ಗಿಣಿಹಸಿರು, ಅದರ ಕೆಳಗೆ ಮೆರೂನ್, ತಳದಲ್ಲಿ ನನ್ನದೇ ಉದ್ದನೆ ಕೂದಲು, ಬಿಗಿಯಾಗಿ ಉಂಡೆ ಸುತ್ತಿದ ಹಾಗೆ. ಮೆರೂನ್ ಸಂಕ್ರಾಂತಿ ಹೊತ್ತಿನದು, ನೆಲದ ಮೇಲೆ ಓಡಿಸುತ್ತಿದ್ದಾಗ ಹತ್ತಿದ್ದು. ಗಿಣಿಹಸಿರು ನಮ್ಮ ಬೀದಿ ಟೀಚರದ್ದು. ಗುಲಾಬಿ ಹಿಂದಿನ ವಾರದ ಧಾರೆ ಬ್ಲೌಸು. ನಾಲ್ಕು ಗಾಲಿಯಿಂದ ತೆಗೆದದ್ದು ಒಂದು ಅಂಗೈಯಷ್ಟು. ತೆಗೆದು ಹಳಿ ಮೇಲಿಟ್ಟೆ. ಗಾಡಿ ಹಾರಿತು. ಮಲಗಿದ್ದವರನ್ನೆಲ್ಲ ಎಬ್ಬಿಸಿದೆ, ಬೈಸಿಕೊಂಡೆ.

ಆದ್ದರಿಂದ ಗಾಡಿ ನಿಧಾನವಾದರೆ ಮೊದಲು ಕೈಯಲ್ಲಿ ಬೋಗಿಗಳನ್ನು ಒಂದೊಂದಾಗಿ ತಳ್ಳಿ ನೋಡಿ, ಸಲೀಸಾಗಿ ಉರುಳಬೇಕು. ಆಮೇಲೆ ಗಾಲಿ ಮಗುಚಿ ನೋಡಿ. ಮೋಟಾರಿನ ಗಾಲಿಗೆ ಸುತ್ತಿರುವ ರಬ್ಬರ್ ಬಳೆಗೆ ಎಣ್ಣೆ, ದೂಳು ಹತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಸೆಲ್ ಅಂಗಡಿಗೆ ಹೋಗೋದು ಕಡೆಗೆ.

ಫೋನಿನ ರಗಳೆ ಚಿಕ್ಕದು, ಆದರೆ ಎರಡು ಸಂಜೆ ತಿಂದಿತು. ಆ್ಯಪ್‌ಗೆ (ಫೋನಿನಿಂದ ರೈಲು ಓಡಿಸುವ ಆ್ಯಪ್ ಇದು) ಹಬ್ ಸಿಗುತ್ತಲೇ ಇರಲಿಲ್ಲ. ನಮ್ಮದು ಹಳೆ ಆಂಡ್ರಾಯ್ಡ್, ಅದರಲ್ಲಿ ಬ್ಲೂಟೂತ್ ಜೊತೆ ಲೊಕೇಶನ್ನೂ ಆನ್ ಇರಬೇಕಂತೆ. ಇನ್ನೊಂದು, ಫೋನ್ ಹಬ್ಬನ್ನು ಹಿಡಿದುಕೊಂಡಿದ್ದರೆ ರಿಮೋಟಿಗೆ ಅದು ಸಿಗುವುದಿಲ್ಲ. ಮಗ ಒಳಗೆ ಆ್ಯಪ್ ತೆರೆದಿಟ್ಟು ಸ್ಕೂಲಿಗೆ ಹೋಗುವ ತಯಾರಿಯಲ್ಲಿದ್ದರೆ, ಇಲ್ಲಿ ಮಾವ ರಿಮೋಟ್ ಒತ್ತಿ ಒತ್ತಿ ಬೇಜಾರಾಗುತ್ತಿದ್ದರು.

ಏಪ್ರಿಲ್ ಬಿಸಿಲು ಹೇಗಿರುತ್ತೆ ಅಂತ ದಾವಣಗೆರೆಯವರಿಗೆ ಹೇಳಬೇಕಿಲ್ಲ. ಬೋರ್ಡ್ ಇದ್ದದ್ದು ಮಹಡಿ ಮೇಲಿನ ಶೀಟಿನ ರೂಮಿನಲ್ಲಿ. ಬೆಳಿಗ್ಗೆ ಓಡುವ ಗಾಡಿ ಮೂರು ಗಂಟೆಗೆ ಒಂದೇ ಜಾಗದಲ್ಲಿ ಬೀಳುತ್ತಿತ್ತು. ಬಗ್ಗಿ ನೋಡಿದರೆ ಉದ್ದದ ನೇರ ಸಾಲು ನಡುವೆ ಡುಬ್ಬ ಎತ್ತಿತ್ತು. ನಾನು ಎರಡೂ ತುದಿಯನ್ನು ಡಬಲ್ ಟೇಪ್ ಹಾಕಿ ಗಟ್ಟಿ ಕೂರಿಸಿದ್ದೆ. ಈ ಪ್ಲಾಸ್ಟಿಕ್ಕು ಒಂದೂವರೆ ಮೀಟರ್ ಉದ್ದಕ್ಕೆ 15 ಡಿಗ್ರಿ ಬಿಸಿಯಾದರೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಹೋಗಲು ಜಾಗ ಇಲ್ಲದಿದ್ದರೆ ಮೇಲಕ್ಕೇಳುತ್ತದೆ. ಮಾವ ಇದನ್ನು ಮೆಟ್ಟಿಲ ಕೆಳಗೆ ಕೂತೇ ಹೇಳಿದರು. 'ಬೇಸಿಗ್ಯಾಗೆ ನಮ್ಮ ಹಳಿನೂ ಹಂಗೇ, ಗ್ಯಾಂಗ್‌ಮನ್‌ಗಳು ಮಧ್ಯಾಹ್ನವೇ ನಡೆದು ನೋಡ್ತಿದ್ರು.' ಟೇಪ್ ಕಿತ್ತು, ಹಳಿಯ ಎರಡು ಪಕ್ಕಕ್ಕೆ ಮಾತ್ರ ಅಲ್ಲಲ್ಲಿ ಇಟ್ಟಿಗೆ ಅಂಟಿಸಿ ಹಳಿಯನ್ನು ನಡುವೆ ಸಡಿಲ ಬಿಟ್ಟೆ. ಬೋರ್ಡನ್ನು ಕೆಳಗೆ, ನನ್ನ ಕಟಿಂಗ್ ರೂಮಿಗೆ ತಂದೆವು. ದಾರದ ಕಾಟ ಇದೆ, ಆದರೆ ಮಾವನಿಗೆ ಮೆಟ್ಟಿಲು ತಪ್ಪಿತು. ಸ್ಟೇಷನ್ನಿಗೆ 5 ವೋಲ್ಟಿನ ಎಲ್‌ಇಡಿ ಪಟ್ಟಿ ಹಾಕಿ ಪವರ್ ಬ್ಯಾಂಕಿಗೆ ಚುಚ್ಚಿದ್ದೇನೆ, ಕರೆಂಟ್ ಹೋದರೂ ಉರಿಯುತ್ತದೆ.

ಖರ್ಚು: ಸೆಟ್ 9,500, ಹಳಿ 6,100, ಅದರ ತೆರಿಗೆ 4,700, ಇಲ್ಲಿನ ಹಳಿ 1,400, ಪ್ಲೈವುಡ್ ಕಾಲು ಬೋಲ್ಟು 2,600, ಚಾರ್ಜರ್ ಸೆಲ್ಲು 1,900, ದಂಡ ಹೋದ ಸೆಲ್ಲು 700, ದೀಪ 350. ಒಟ್ಟು ₹27,250. ನನ್ನ ಲೆಕ್ಕದಲ್ಲಿ ಅರವತ್ತೆಂಟು ಲೈನಿಂಗ್ ಬ್ಲೌಸು. ಕಡಿಮೆಯಲ್ಲಿ ಮಾಡಬೇಕೆಂದರೆ ಒಂದೇ ಸುತ್ತು, ಒಂದೇ ಪಾಯಿಂಟು, ಇಲ್ಲೇ ಸಿಗುವ ಹಳಿ ಸಾಕು. ಚಾರ್ಜರ್ ಮಾತ್ರ ಮೊದಲ ದಿನವೇ ತಗೊಳ್ಳಿ.

ಈಗ ಮಗ ಎಂಜಿನ್ನಿನ ಕೆಂಪು ಇಟ್ಟಿಗೆ ಬಿಚ್ಚಿ ನೀಲಿ ಬಿಳಿ ಮಾಡುತ್ತಿದ್ದಾನೆ, ಧಾರವಾಡದ ವಂದೇ ಭಾರತ್ ಮಾಡಬೇಕಂತೆ. ಮಾವ ಮಾತ್ರ ಗೂಡ್ಸ್ ಬಿಟ್ಟು ಕದಲುತ್ತಿಲ್ಲ. ರಾತ್ರಿ ನಾನು ಮೆಷಿನ್ ಮುಚ್ಚುವ ಹೊತ್ತಿಗೆ ಬಂದು, ಎರಡೂ ಪಾಯಿಂಟನ್ನು ಮೇನ್ ಲೈನಿಗೆ ಹಾಕಿ, ಟಕ್ ಅನ್ನೋದು ಕೇಳಿಸಿಕೊಂಡು, ಬೋರ್ಡಿನ ಮೇಲೆ ಬಿದ್ದ ದಾರದ ತುಂಡುಗಳನ್ನು ಆರಿಸಿ ನನ್ನ ಕೈಗೆ ಕೊಟ್ಟು ಮಲಗಲು ಹೋಗುತ್ತಾರೆ.